ಹಾಳಾದ ಇಳಿಜಾರು, ಹುಲ್ಲಿನ ಬಯಲು: ಸ್ಥಳೀಯ ಮರ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು?

ಹೊಸಚಿಗುರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾಳಾದ ಒಂದು ಜಾಗದಲ್ಲಿ ಅಲ್ಲಿನದೇ ಮರಗಳನ್ನು ಮತ್ತೆ ಬೆಳೆಸಬೇಕು ಅಂತ ನಮ್ಮ ಸಣ್ಣ ಗುಂಪು ಹೊರಟಿದೆ. ಓದಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ. ಒಬ್ಬರು ಒತ್ತೊತ್ತಾಗಿ ನೆಡಿ ಅನ್ನುತ್ತಾರೆ. ಇನ್ನೊಬ್ಬರು ನೆಡಲೇಬೇಡಿ, ತಾನಾಗಿ ಬೆಳೆಯುತ್ತದೆ ಅನ್ನುತ್ತಾರೆ. ಕೆಲಸ ಮಾಡಿ ಗೊತ್ತಿರುವವರು ಹೇಳಿದರೆ ಉಪಕಾರ.

ಜಾಗ ಎರಡು ಥರ ಇದೆ. ಒಂದು ಇಳಿಜಾರು. ಅಲ್ಲಿ ಹಿಂದೆ ದಟ್ಟ ಕಾಡಿತ್ತು. ಕಡಿದರು, ದನ ಮೇಯಿಸಿದರು, ಬೇಸಿಗೆಯಲ್ಲಿ ಬೆಂಕಿ ಬೀಳುತ್ತಾ ಬಂತು. ಈಗ ಎದೆಮಟ್ಟ ಒರಟು ಹುಲ್ಲು, ನಡುವೆ ಲಾಂಟಾನ ಪೊದೆ. ಅಲ್ಲಲ್ಲಿ ಹಳೆಯ ಮರದ ಬೊಡ್ಡೆಗಳು ಕಾಣುತ್ತವೆ. ಗುಡ್ಡದ ಆಚೆ ಬದಿಯಲ್ಲಿ ಸ್ವಲ್ಪ ಕಾಡು ಉಳಿದಿದೆ.

ಇನ್ನೊಂದು ಕೆಳಗಿನ ಬಯಲು. ಅದು ಪೂರ್ತಿ ಹುಲ್ಲು. ದೂರ ದೂರಕ್ಕೆ ಒಂದೊಂದು ಸೊಟ್ಟ ಮರ, ತೊಗಟೆ ಬಹಳ ದಪ್ಪ. ಮೊದಲಿನಿಂದಲೂ ಅದು ಹಾಗೇ ಇತ್ತು ಅಂತ ಹಿರಿಯರು ಹೇಳುತ್ತಾರೆ. ಆದರೆ ಖಾಲಿ ಜಾಗ ಅಲ್ವಾ, ಅಲ್ಲೂ ಮರ ತುಂಬಿಸೋಣ ಅಂತ ನಮ್ಮಲ್ಲಿ ಹೆಚ್ಚಿನವರ ಆಸೆ.

ಎಷ್ಟು ಜಾತಿ ನೆಡಬೇಕು? ಎಷ್ಟು ಅಂತರ ಬಿಡಬೇಕು? ಬೀಜ ಎರಚಿದರೆ ಸಾಕೋ, ಸಸಿಯೇ ಬೇಕೋ? ಎಷ್ಟು ವರ್ಷ ನೋಡಿಕೊಳ್ಳಬೇಕು? ಬೇಗ ಬೆಳೆಯುವ ಹೊರಗಿನ ಜಾತಿಯ ಸಸಿಗಳನ್ನು ಒಬ್ಬರು ಪುಕ್ಕಟೆ ಕೊಡುತ್ತೇವೆ ಅಂದಿದ್ದಾರೆ. ತೆಗೆದುಕೊಳ್ಳಬಹುದಾ?


ಬೆಳ್ಳಿಮೋಡ:

ಒಳ್ಳೆಯ ಕೆಲಸ ಹಿಡಿದಿದ್ದೀರಿ. ನನ್ನ ಅಭಿಪ್ರಾಯ ಇಷ್ಟೇ, ಕಾಯುತ್ತಾ ಕೂರಬೇಡಿ. ಭೂಮಿ ಬಿಸಿಯಾಗುತ್ತಲೇ ಇದೆ. 2011ರಲ್ಲಿ ಶುರುವಾದ ಅಂತರರಾಷ್ಟ್ರೀಯ ಯೋಜನೆ ಬಾನ್ ಚಾಲೆಂಜ್‌ನ ಗುರಿ 2030ರೊಳಗೆ 35 ಕೋಟಿ ಹೆಕ್ಟೇರ್ ಜಾಗವನ್ನು ಸರಿಪಡಿಸುವುದು. ಇನ್ನೂ 90 ಕೋಟಿ ಹೆಕ್ಟೇರ್‌ನಷ್ಟು ಮರದ ನೆರಳಿಗೆ ಭೂಮಿಯ ಮೇಲೆ ಜಾಗ ಇದೆ ಅಂತ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಸಸಿ ಸಿಕ್ಕರೆ ತೆಗೆದುಕೊಳ್ಳಿ. ಎರಡೂ ಕಡೆ ನೆಡಿ. ಯಾವ ಮರವಾದರೂ ಮರವೇ.


ಬೀಜದಬುಟ್ಟಿ:

ಹೊಸಚಿಗುರು ಅವರೇ, ನಾನು ಕಾಡು ಮರಗಳ ನರ್ಸರಿಯಲ್ಲೇ ಹೆಚ್ಚಿನ ಕಾಲ ಕಳೆದವಳು. ನಿಮ್ಮ ಇಳಿಜಾರಿನ ಬಗ್ಗೆ ಹೇಳುತ್ತೇನೆ. ಬಯಲಿನ ವಿಷಯ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿ ಇದ್ದಾರೆ, ಅವರು ಬರೆಯಲಿ.

ಎಷ್ಟು ಸಸಿ ಬೇಕು ಅನ್ನುವ ಲೆಕ್ಕ ಈಗಲೇ ಹಾಕಬೇಡಿ. ಆ ಇಳಿಜಾರಿನಲ್ಲಿ ಈಗಾಗಲೇ ಎಷ್ಟು ಮರ ಇವೆ ಅಂತ ಮೊದಲು ಎಣಿಸಿ. ಎದೆಮಟ್ಟದ ಹುಲ್ಲು ನೋಡಿದರೆ ಅಲ್ಲಿ ಏನೂ ಇಲ್ಲ ಅನಿಸುತ್ತದೆ. ಬಗ್ಗಿ ಹುಲ್ಲು ಸರಿಸಿದರೆ ಬೇರೆಯೇ ಕಥೆ. ಹಕ್ಕಿ ಬೀಳಿಸಿದ ಬೀಜದಿಂದ ಬಂದ ಪುಟ್ಟ ಗಿಡಗಳು, ಬೊಡ್ಡೆಯಿಂದ ಹೊರಟ ಚಿಗುರುಗಳು, ಪ್ರತಿ ಬೇಸಿಗೆ ಸುಟ್ಟು ಪ್ರತಿ ಮಳೆಗೆ ಮತ್ತೆ ಬರುವ ಬೇರುಗಳು ಸಿಗುತ್ತವೆ.

ಎಣಿಸುವ ಕ್ರಮ ಸುಲಭ. ಒಂದು ಗೂಟ ನೆಟ್ಟು 5 ಮೀಟರ್ ಹಗ್ಗ ಕಟ್ಟಿ. ಸುತ್ತು ಹಾಕಿ. ಆ ವೃತ್ತದೊಳಗೆ ಅರ್ಧ ಮೀಟರ್‌ಗಿಂತ ಎತ್ತರದ ಮರದ ಗಿಡಗಳು, ಚಿಗುರುತ್ತಿರುವ ಬೊಡ್ಡೆಗಳು, ದೊಡ್ಡ ಮರಗಳು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಡೀ ಇಳಿಜಾರಿನಲ್ಲಿ ಅಲ್ಲಲ್ಲಿ ಇಂಥ 10 ವೃತ್ತ ಮಾಡಿ. ನಿಮಗೆ ಬೇಕಾದ ಕಡೆ ಅಲ್ಲ, ಗೂಟ ಬಿದ್ದ ಕಡೆ. ಸರಾಸರಿ ವೃತ್ತಕ್ಕೆ 25ರ ಮೇಲೆ ಬಂದರೆ ಹೆಕ್ಟೇರಿಗೆ 3,100ಕ್ಕೂ ಹೆಚ್ಚು ಆಯಿತು. ಅಷ್ಟಿದ್ದರೆ ನೆಡುವ ಅಗತ್ಯ ಬಹುತೇಕ ಇಲ್ಲ. ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದಲ್ಲಿ 1994ರಿಂದ ಕಾಡು ಮರುಬೆಳೆಸುವ ಸಂಶೋಧನಾ ಘಟಕ ಒಂದಿದೆ. ಈ ಎಣಿಕೆ ಅವರದು. ಸರಳವಾಗಿದೆ, ಯಾರು ಬೇಕಾದರೂ ಮಾಡಬಹುದು, ಅದಕ್ಕೇ ನನಗೆ ಇಷ್ಟ.

ಗಿಡ ಸಾಕಷ್ಟಿದ್ದರೆ ನಿಮ್ಮ ಕೆಲಸ ಅವುಗಳಿಗೆ ದಾರಿ ಬಿಡಿಸುವುದು. ದನ ಒಳಗೆ ಬರದಂತೆ ನೋಡಿಕೊಳ್ಳಿ. ಬೆಂಕಿ ತಡೆಯಿರಿ. ಪ್ರತಿ ಗಿಡಕ್ಕೂ ಒಂದು ಬಣ್ಣದ ಕೋಲು ಚುಚ್ಚಿ, ಸುತ್ತ ಅರ್ಧ ಮೀಟರ್ ಕಳೆ ಕೀಳಿ. ನಡುವಿನ ಒರಟು ಹುಲ್ಲನ್ನು ಕತ್ತರಿಸುವುದಕ್ಕಿಂತ ಹಲಗೆಯಿಂದ ತುಳಿದು ಮಲಗಿಸುವುದು ಮೇಲು. ಕತ್ತರಿಸಿದರೆ ಕೂಳೆ ಮತ್ತಷ್ಟು ಜೋರಾಗಿ ಬರುತ್ತದೆ. ಮಲಗಿಸಿದರೆ ತನ್ನ ಮೇಲೆ ತಾನೇ ಬಿದ್ದು ನೆರಳಿಗೆ ಸೊರಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಇಂಪೆರಾಟಾ ಹುಲ್ಲು ತುಂಬಿದ ಗುಡ್ಡಗಳಲ್ಲಿ ಹೀಗೇ ಮಾಡುತ್ತಾರೆ. ಹಲಗೆಯ ಎರಡು ತುದಿಗೆ ಹಗ್ಗ ಕಟ್ಟಿ, ಹೆಗಲಿಗೆ ಹಾಕಿಕೊಂಡು, ಮುಂದೆ ಇಟ್ಟು ತುಳಿಯುತ್ತಾ ಹೋಗುತ್ತಾರೆ.

ಬೊಡ್ಡೆಗಳನ್ನು ಕಡೆಗಣಿಸಬೇಡಿ. 1980ರ ದಶಕದ ಆರಂಭದಲ್ಲಿ ಆಫ್ರಿಕಾದ ನೈಜರ್‌ನಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿತಜ್ಞರು ಸಸಿ ನೆಡಿಸುತ್ತಿದ್ದರು. ನೆಟ್ಟವು ಹೆಚ್ಚಿನಂಶ ಸಾಯುತ್ತಿದ್ದವು. ಹೊಲದಲ್ಲಿ ಪೊದೆ ಅಂದುಕೊಂಡಿದ್ದು ನಿಜವಾಗಿ ಕಡಿದ ಮರಗಳ ಚಿಗುರು ಅಂತ ಅವರು ಗಮನಿಸಿದರು. ಕೆಳಗೆ ಬೇರು ಜೀವಂತ ಇತ್ತು. ರೈತರು ಪ್ರತಿ ಬೊಡ್ಡೆಯಲ್ಲಿ ಗಟ್ಟಿ ಚಿಗುರು ಕೆಲವನ್ನು ಉಳಿಸಿಕೊಂಡು ಉಳಿದದ್ದನ್ನು ಸವರಿದರು. ಹೀಗೆ ಆ ದೇಶದಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರ ಮರಳಿ ಬಂತು. ಬೇರು ನೀರಿನವರೆಗೆ ಇಳಿದಿರುವ ಬೊಡ್ಡೆಯ ವೇಗದಲ್ಲಿ ನರ್ಸರಿಯ ಯಾವ ಸಸಿಯೂ ಬೆಳೆಯಲಾರದು.

ತಾನಾಗಿ ಬೆಳೆಯುತ್ತದೆ ಅನ್ನುವವರ ಮಾತಿನಲ್ಲೂ ಸತ್ಯ ಇದೆ. ಅಮೆರಿಕದ ಮತ್ತು ಆಫ್ರಿಕಾದ ಉಷ್ಣವಲಯದಲ್ಲಿ 77 ಕಡೆಯ ಮರಿಕಾಡುಗಳನ್ನು ಒಟ್ಟಿಗೆ ನೋಡಿದ ಅಧ್ಯಯನ 2021ರಲ್ಲಿ ಬಂತು. 20 ವರ್ಷ ಬಿಟ್ಟರೆ ಹಳೆಯ ಕಾಡಿನ ಗುಣಗಳಲ್ಲಿ ಸರಾಸರಿ ಶೇ 78ರಷ್ಟು ಮರಳುತ್ತವೆ ಅಂತ ಅದು ತೋರಿಸಿತು. ಮಣ್ಣು 10 ವರ್ಷದೊಳಗೇ ಸುಧಾರಿಸುತ್ತದೆ. ಮರಗಳ ಒಟ್ಟು ತೂಕ ಮತ್ತು ಹಳೆಯ ಜಾತಿಗಳ ಅದೇ ಮಿಶ್ರಣ ಬರಲು 120 ವರ್ಷಕ್ಕೂ ಹೆಚ್ಚು ಬೇಕು. ಆದರೆ ಮಣ್ಣು ತೀರಾ ಕೆಟ್ಟಿರದೆ, ಹತ್ತಿರ ಕಾಡು ಇದ್ದು, ಬೆಂಕಿ ಬೀಳದಿದ್ದರೆ ಮಾತ್ರ ಈ ಲೆಕ್ಕ.

ವೃತ್ತದಲ್ಲಿ ನಾಲ್ಕೈದೇ ಸಿಕ್ಕಿದರೆ ಆಗ ನೆಡಬೇಕು. ಇಲ್ಲೂ ಕಾಡಿನ ಎಲ್ಲ ಜಾತಿಗಳನ್ನು ನೀವೇ ನೆಡಬೇಕಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1980ರ ದಶಕದಲ್ಲಿ ಶುರುವಾಗಿ, ಚಿಯಾಂಗ್ ಮಾಯ್‌ನವರು ಬೆಳೆಸಿದ ಕ್ರಮ ಒಂದಿದೆ. ಅಲ್ಲಿನದೇ 20ರಿಂದ 30 ಜಾತಿ ಆರಿಸುತ್ತಾರೆ. ಬಿಸಿಲಿನ ಬಯಲಲ್ಲಿ ಬದುಕಬೇಕು, ಬೇಗ ಕೊಂಬೆ ಹರಡಿ ಹುಲ್ಲಿಗೆ ನೆರಳು ಹಾಕಬೇಕು, ಚಿಕ್ಕ ವಯಸ್ಸಿಗೇ ಹೂವು ಹಣ್ಣು ಬಿಟ್ಟು ಹಕ್ಕಿ, ಬಾವಲಿಗಳನ್ನು ಕರೆಯಬೇಕು. ಅಂಥವನ್ನು 1.8 ಮೀಟರ್ ಅಂತರದಲ್ಲಿ ಬೆರೆಸಿ ನೆಡುತ್ತಾರೆ. ಆ 3,100 ಬಂದದ್ದು ಇದೇ ಅಂತರದಿಂದ. ಈಗಾಗಲೇ ಇರುವ ಗಿಡಗಳನ್ನು ಕಳೆದು ಉಳಿದಷ್ಟೇ ನೆಡಬೇಕು. ಚಿಯಾಂಗ್ ಮಾಯ್ ಹತ್ತಿರದ ಡೋಯಿ ಸುತೆಪ್ ಬೆಟ್ಟಸಾಲಿನ ಇಂಥ ತಾಕುಗಳಿಗೆ 8-9 ವರ್ಷದಲ್ಲಿ ನೆಡದೇ ಇದ್ದ 70ಕ್ಕೂ ಹೆಚ್ಚು ಜಾತಿಯ ಮರಗಳು ಬಂದು ಸೇರಿಕೊಂಡವು. ತಂದವು ಹಕ್ಕಿ ಮತ್ತು ಪ್ರಾಣಿಗಳು.

ಕೈ ಕಡಿಮೆ ಇದ್ದರೆ ಇಡೀ ಇಳಿಜಾರು ತುಂಬಿಸದೆ ಗುಂಪು ಗುಂಪಾಗಿ, ನಡುವೆ ಜಾಗ ಬಿಟ್ಟು ನೆಡಬಹುದು. ಕೋಸ್ಟಾರಿಕಾದ ದಕ್ಷಿಣದಲ್ಲಿ ಹಳೆಯ ಹುಲ್ಲುಗಾವಲುಗಳ ಮೇಲೆ 2004ರಿಂದ ಇದನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಪೂರ್ತಿ ನೆಡುವುದಕ್ಕೆ ಬೇಕಾದ ಸಸಿಗಳ ಕಾಲುಭಾಗದಷ್ಟರಲ್ಲೇ ಕೆಲಸ ಮುಗಿಯುತ್ತದೆ. ಗುಂಪುಗಳು ಹಬ್ಬಿ ಒಂದಕ್ಕೊಂದು ಸೇರುತ್ತವೆ. ಹೊಸ ಗಿಡಗಳು ಬರುವ ಪ್ರಮಾಣವೂ ಪೂರ್ತಿ ನೆಟ್ಟ ಜಾಗಕ್ಕೆ ಹತ್ತಿರವೇ ಇತ್ತು.

ಆದರೆ ಬೀಜ ತರುವ ಪ್ರಾಣಿ ಬೇಕು. ರಿಯೊ ಡಿ ಜನೈರೊ ನಗರದ ನಡುವೆ ತಿಜುಕಾ ಕಾಡು ಇದೆ. ಕಾಫಿ ತೋಟಗಳಿಗಾಗಿ ಗುಡ್ಡ ಬೋಳಾಗಿ ನಗರದ ನೀರಿನ ಸೆಲೆ ಸೊರಗಿದಾಗ, 1861ರಲ್ಲಿ ಬ್ರೆಜಿಲ್‌ನ ಚಕ್ರವರ್ತಿ ಎರಡನೇ ಪೆದ್ರೊ ಅಲ್ಲಿ ಮರ ಬೆಳೆಸಲು ಆದೇಶ ಕೊಟ್ಟರು. ಮಣ್ಣಿನಲ್ಲಿ ಕೈಯಿಟ್ಟು ಆ ಸಸಿಗಳನ್ನು ನೆಟ್ಟವರು ಗುಲಾಮಗಿರಿಯಲ್ಲಿದ್ದ ಜನ. ಅವರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ, ಬರೆಯಬೇಕು. ಇಂದು ಅಲ್ಲಿ ದಟ್ಟ ಕಾಡಿದೆ. ಆದರೆ ದೊಡ್ಡ ಬೀಜ ಸಾಗಿಸುವ ಪ್ರಾಣಿಗಳು ಎಷ್ಟೋ ಹೋಗಿಬಿಟ್ಟಿದ್ದವು. ಹಾಗಾಗಿ 2010ರ ಹೊತ್ತಿಗೆ ಅಗೂಟಿ ಎಂಬ ಮೊಲದಷ್ಟು ದೊಡ್ಡ, ಇಲಿ ಜಾತಿಯ ಪ್ರಾಣಿಯನ್ನು ತಂದು ಬಿಟ್ಟರು. 2015ರಲ್ಲಿ ಹೌಲರ್ ಕೋತಿಗಳನ್ನು ಬಿಟ್ಟರು. ಅಗೂಟಿ ಬೀಜವನ್ನು ಹೂತಿಡುತ್ತದೆ, ಎಷ್ಟನ್ನೋ ಮರೆಯುತ್ತದೆ, ಅವು ಮೊಳೆಯುತ್ತವೆ. ನಿಮ್ಮ ಗುಡ್ಡದಾಚೆಯ ಕಾಡಿನಲ್ಲಿ ದೊಡ್ಡ ಹಣ್ಣು ನುಂಗುವ ಹಕ್ಕಿಗಳು ಇವೆಯಾ ನೋಡಿ. ಇಲ್ಲದಿದ್ದರೆ ದೊಡ್ಡ ಬೀಜದ ಮರಗಳನ್ನು ನೀವೇ ನೆಡಬೇಕು. ಅವು ತಾವಾಗಿ ಗುಡ್ಡ ದಾಟಿ ಬರುವುದಿಲ್ಲ.

ಈಗ ನರ್ಸರಿ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನ ಗುಂಪುಗಳು ಸೋಲುವುದು ಇಲ್ಲೇ.

ಬೀಜ ಒಂದೇ ಮರದಿಂದ ತರಬೇಡಿ. ರಸ್ತೆ ಪಕ್ಕದ ಒಂದು ಒಳ್ಳೆಯ ಮರದಿಂದ ಬುಟ್ಟಿ ತುಂಬಿಸುವುದು ಸುಲಭ, ನಿಜ. ಆದರೆ ಆಗ ನಿಮ್ಮ ಇಡೀ ಇಳಿಜಾರಿನಲ್ಲಿ ಆ ಜಾತಿಯೆಲ್ಲ ಒಂದೇ ತಾಯಿಯ ಮಕ್ಕಳು. ಮುಂದೆ ಅವು ತಮ್ಮ ತಮ್ಮಲ್ಲೇ ಪರಾಗ ಹಂಚಿಕೊಳ್ಳುತ್ತವೆ, ತಳಿ ಸೊರಗುತ್ತದೆ. ಪ್ರತಿ ಜಾತಿಗೂ ಒಂದಕ್ಕೊಂದು ದೂರ ಇರುವ 25-30 ತಾಯಿಮರ ಸಿಕ್ಕರೆ ಒಳ್ಳೆಯದು. ಅಷ್ಟು ಸಿಗದಿದ್ದರೆ ಸಿಕ್ಕಷ್ಟು. ಮಳೆ, ಎತ್ತರ, ಮಣ್ಣು ನಿಮ್ಮ ಜಾಗಕ್ಕೆ ಹೊಂದುವ ಕಡೆಯಿಂದ ತನ್ನಿ. ಅಲ್ಲಿಯ ಹಣ್ಣೆಲ್ಲ ಬಳಿದುಕೊಂಡು ಬರಬೇಡಿ. ಅದನ್ನು ನಂಬಿದ ಪ್ರಾಣಿಗಳು ಅಲ್ಲಿವೆ.

ಎಲ್ಲ ಬೀಜವನ್ನೂ ಒಣಗಿಸಿ ಡಬ್ಬಿಯಲ್ಲಿ ಇಡಬಹುದು ಅಂದುಕೊಳ್ಳಬೇಡಿ. ಮಳೆಕಾಡಿನ ಎಷ್ಟೋ ಮರಗಳ ಬೀಜ ಹಸಿಯಾಗಿಯೇ ಇರಬೇಕು, ಒಣಗಿದರೆ ಸಾಯುತ್ತದೆ. ಆಗ್ನೇಯ ಏಷ್ಯಾದ ದೊಡ್ಡ ಡಿಪ್ಟೆರೊಕಾರ್ಪ್ ಮರಗಳು ಕೆಲವು ವರ್ಷಕ್ಕೊಮ್ಮೆ ಎಲ್ಲವೂ ಒಟ್ಟಿಗೆ ಕಾಯಿ ಬಿಡುತ್ತವೆ. ಆ ಬೀಜದ ಆಯುಸ್ಸು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಇಂಥವನ್ನು ತಂದ ದಿನವೇ ಮಡಿಗೆ ಹಾಕಿ. ಅವರೆ ಕುಟುಂಬದ ಎಷ್ಟೋ ಮರಗಳದ್ದು ಇದಕ್ಕೆ ಪೂರ್ತಿ ಉಲ್ಟಾ. ಗಟ್ಟಿ ಸಿಪ್ಪೆ, ವರ್ಷಗಟ್ಟಲೆ ಇಡಬಹುದು. ಆದರೆ ಬಿಸಿನೀರಲ್ಲಿ ನೆನೆಸದೆ ಅಥವಾ ಸಿಪ್ಪೆಯ ಒಂದು ಬದಿ ಉಜ್ಜದೆ ನೀರು ಒಳಗೆ ಇಳಿಯುವುದಿಲ್ಲ.

ಅತ್ತಿ, ಆಲದ ಕುಟುಂಬದ ಮರಗಳನ್ನು ಬಿಡಲೇಬೇಡಿ. ಉಷ್ಣವಲಯದ ಉದ್ದಗಲಕ್ಕೂ ಇವು ಇವೆ. ನಿಮ್ಮ ಕಾಡಿನ ಜಾತಿ ಯಾವುದೋ ಅದನ್ನು ಹುಡುಕಿ. ಬೀಜ ಸಾಸಿವೆಗಿಂತ ಸಣ್ಣದು. ಮಾಗಿದ ಹಣ್ಣು ಬಿಡಿಸಿ, ಒಣಗಿಸಿ, ಉದುರಿಸಿ, ನಯವಾದ ಮಣ್ಣಿನ ಮೇಲೆ ಚೆಲ್ಲಿ ಬಿಡಿ, ಮುಚ್ಚಬೇಡಿ. ಇರುವೆ ಹೊತ್ತೊಯ್ಯದಂತೆ ತಟ್ಟೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ. ಮೊದಲ ತಿಂಗಳುಗಳಲ್ಲಿ ತೀರಾ ನಿಧಾನ, ಬೇಸರ ಬರುತ್ತದೆ. ನೆಟ್ಟ ಮೇಲೆ ಮಾತ್ರ ಬರ, ಬೆಂಕಿ ಎರಡಕ್ಕೂ ಗಟ್ಟಿಯಾಗಿ ನಿಲ್ಲುತ್ತವೆ. ಹಣ್ಣು ಬಿಡಲು ಶುರುವಾದ ಮೇಲೆ ಅವುಗಳ ಕೆಳಗಿನ ನೆಲ ನೋಡಿ. ಬೇರೆ ಬೇರೆ ಮರದ ಮೊಳಕೆಗಳು ಗುಂಪಾಗಿ ಎದ್ದಿರುತ್ತವೆ. ಅದನ್ನು ನೋಡುವಾಗ ಆಗುವ ಖುಷಿಗಾಗಿಯೇ ನಾನು ಈ ಕೆಲಸದಲ್ಲಿ ಉಳಿದಿದ್ದೇನೆ.

ಪಾಲಿಥಿನ್ ಚೀಲದಲ್ಲಿ ಸಸಿ ಹೆಚ್ಚು ಕಾಲ ಉಳಿದರೆ ಬೇರು ತಳದಲ್ಲಿ ಸುತ್ತಿಕೊಳ್ಳುತ್ತದೆ. ನೆಟ್ಟ ಮೇಲೂ ಹಾಗೇ ಸುತ್ತುತ್ತದೆ. ಎರಡು ವರ್ಷ ಚೆನ್ನಾಗಿದ್ದು ಗಾಳಿಗೆ ಬುಡಸಮೇತ ಬೀಳುವ ಮರ ಹೆಚ್ಚಾಗಿ ಇಂಥದ್ದೇ. ಚೀಲಗಳನ್ನು ನೆಲದಿಂದ ಎತ್ತಿ ತಂತಿ ಬಲೆಯ ಮೇಲೆ ಇಡಿ. ಕೆಳಗೆ ಇಣುಕಿದ ಬೇರಿನ ತುದಿ ಗಾಳಿಗೆ ಒಣಗುತ್ತದೆ, ಒಳಗೆ ಹೊಸ ಬೇರು ಕವಲೊಡೆಯುತ್ತದೆ. 30ರಿಂದ 50 ಸೆಂಟಿಮೀಟರ್ ಎತ್ತರ ಸಾಕು. ಎತ್ತರದ ಸಸಿ ಫೋಟೋಕ್ಕೆ ಚೆನ್ನ, ನೆಲಕ್ಕಲ್ಲ. ನೆಡುವ ಮುಂಚಿನ ಕೆಲವು ವಾರ ನೆರಳು ತೆಗೆದು, ನೀರು ಕಡಿಮೆ ಮಾಡಿ, ಬಿಸಿಲಿಗೆ ಪಳಗಿಸಿ.

ಬರೀ ಬೀಜ ಎರಚುವುದು ಇಳಿಜಾರಿನಲ್ಲಿ ಎಲ್ಲ ಜಾತಿಗೂ ಆಗಿಬರುವುದಿಲ್ಲ. ಇಲಿ, ಇರುವೆ ತಿನ್ನುತ್ತವೆ. ದೊಡ್ಡ ಬೀಜವನ್ನು ಮಣ್ಣಿನಲ್ಲಿ ಸ್ವಲ್ಪ ಹೂತರೆ ಬರುವ ಸಾಧ್ಯತೆ ಜಾಸ್ತಿ. ಬ್ರೆಜಿಲ್‌ನಲ್ಲಿ ಮುವುಕಾ ಅಂತ ಒಂದು ಪದ್ಧತಿ ಇದೆ. ಹತ್ತಾರು ಜಾತಿಯ ಕಾಡು ಬೀಜಕ್ಕೆ ತೊಗರಿ, ಸೆಣಬಿನಂಥ ಬೇಗ ಬೆಳೆಯುವ ಹಸಿರುಗೊಬ್ಬರದ ಬೀಜ, ಮರಳು ಬೆರೆಸಿ ಹದ ಮಾಡಿದ ನೆಲಕ್ಕೆ ಬಿತ್ತುತ್ತಾರೆ. ತೊಗರಿ ಮೊದಲು ಎದ್ದು ಹುಲ್ಲಿಗೆ ನೆರಳು ಹಾಕುತ್ತದೆ, ನಂತರ ಸತ್ತು ಮಣ್ಣಾಗುತ್ತದೆ, ಅಷ್ಟರಲ್ಲಿ ಮರ ಮೇಲೆ ಬಂದಿರುತ್ತದೆ. 2007ರಲ್ಲಿ ಶುರುವಾದ ಶಿಂಗು ಬೀಜ ಜಾಲದಲ್ಲಿ ಅಲ್ಲಿನ ಮೂಲನಿವಾಸಿಗಳು, ಸಣ್ಣ ರೈತರು ಈ ಬೀಜ ಸಂಗ್ರಹಿಸಿ ಮಾರುತ್ತಾರೆ. ಸಮತಟ್ಟಾದ, ಉಳಬಹುದಾದ ಹಳೆಯ ಹೊಲಕ್ಕೆ ಇದು ಬಹಳ ಒಳ್ಳೆಯದು.

ಕೊನೆಗೆ ಆರೈಕೆ. ಏಷ್ಯಾದ ಉಷ್ಣವಲಯ ಮತ್ತು ಅದರ ಅಂಚಿನ 176 ಜಾಗಗಳ ಲೆಕ್ಕ 2023ರಲ್ಲಿ ಬಂದಿದೆ. ನೆಟ್ಟ ಸಸಿಗಳಲ್ಲಿ ಸರಾಸರಿ ಶೇ 18 ಮೊದಲ ವರ್ಷವೇ ಸತ್ತಿದ್ದವು, 5 ವರ್ಷದಲ್ಲಿ ಶೇ 44. ಇದು ಸರಾಸರಿ. ಕೆಲವು ಕಡೆ ಹೆಚ್ಚುಕಡಿಮೆ ಎಲ್ಲವೂ ಹೋಗಿದ್ದವು, ಕೆಲವು ಕಡೆ ಬಹುಪಾಲು ಉಳಿದಿದ್ದವು. ಮಳೆ ಹಿಡಿದ ಕೂಡಲೇ ನೆಡಿ. ಮೊದಲ ಎರಡು ಮಳೆಗಾಲ ಮೂರ್ನಾಲ್ಕು ಸಲ ಬುಡದ ಕಳೆ ಕೀಳಿ. ಒಣಹುಲ್ಲಿನ ಹೊದಿಕೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಚಳಿ ಮುಗಿಯುವ ಮುಂಚೆ ಸುತ್ತ ಹುಲ್ಲು ತೆಗೆದು ಬೆಂಕಿ ರೇಖೆ ಮಾಡಿ, ಬೇಸಿಗೆ ಪೂರ್ತಿ ಯಾರಾದರೂ ಕಣ್ಣಿಟ್ಟಿರಲಿ. ಕೊಂಬೆಗಳು ಒಂದಕ್ಕೊಂದು ಸೇರಿ ಹುಲ್ಲು ಸಾಯುವವರೆಗೆ, ಅಂದರೆ ಎರಡು ಮೂರು ವರ್ಷ, ಕೈಬಿಡುವಂತಿಲ್ಲ. ಮೂರು ವರ್ಷ ನೋಡಿಕೊಳ್ಳಲು ಎಷ್ಟು ಸಸಿಗೆ ಶಕ್ತಿ ಇದೆಯೋ ಅಷ್ಟೇ ನೆಡಿ.


ಬಯಲುಹುಲ್ಲು:

ಬೀಜದಬುಟ್ಟಿ ಮೇಡಂ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಬಯಲಿನ ಬಗ್ಗೆ ನಾನು ಹೇಳುತ್ತೇನೆ. ಹೊಸಚಿಗುರು ಅವರೇ, ದಯವಿಟ್ಟು ಅಲ್ಲಿ ಮರ ತುಂಬಿಸಬೇಡಿ. ಅದು ಖಾಲಿ ಜಾಗ ಅಲ್ಲ.

ನೀವು ಹೇಳಿದ ಗುರುತು ನೋಡಿದರೆ ಅದು ಸವನ್ನಾ, ಅಂದರೆ ಬಿಡಿ ಬಿಡಿ ಮರಗಳಿರುವ ಸಹಜ ಹುಲ್ಲಿನ ಬಯಲು, ಇರಬೇಕು. ದಪ್ಪ ತೊಗಟೆ ಬೆಂಕಿಯಿಂದ ಕಾಂಡವನ್ನು ಕಾಯುವುದಕ್ಕೆ. ಸೊಟ್ಟ ಆಗಿರುವುದು ತುದಿ ಸುಟ್ಟು ಪಕ್ಕದಿಂದ ಚಿಗುರಿ, ಮತ್ತೆ ಸುಟ್ಟು ಮತ್ತೆ ಚಿಗುರಿದ್ದಕ್ಕೆ. ಬಿಸಿಲು ಬೇಡುವ ಉಷ್ಣವಲಯದ ಈ ಹುಲ್ಲುಗಳು ಭೂಮಿಯ ಮೇಲೆ ಹಬ್ಬಲು ಶುರುವಾಗಿ ಸುಮಾರು 80 ಲಕ್ಷ ವರ್ಷವಾಯಿತು. ಆಗ ಮನುಷ್ಯನೇ ಇರಲಿಲ್ಲ. ಹಾಗಾಗಿ ಎಲ್ಲ ಹುಲ್ಲಿನ ಬಯಲೂ ಯಾರೋ ಕಡಿದು ಹಾಳುಮಾಡಿದ ಕಾಡು ಅನ್ನುವುದು ತಪ್ಪು ತಿಳಿವಳಿಕೆ.

ಬೆಳ್ಳಿಮೋಡ ಅವರ ಕಾಳಜಿ ನನಗೂ ಇದೆ. ಆದರೆ ಅವರು ಹೇಳಿದ 2019ರ ಲೆಕ್ಕಕ್ಕೆ ಅದೇ ವರ್ಷ ಬಹಳಷ್ಟು ವಿಜ್ಞಾನಿಗಳು ಆಕ್ಷೇಪ ಎತ್ತಿದರು. ಅದರಲ್ಲಿ ಸವನ್ನಾ, ಹುಲ್ಲುಗಾವಲುಗಳೂ ಮರ ಬೆಳೆಸುವ ಜಾಗ ಅಂತ ಸೇರಿಹೋಗಿದ್ದವು. ಆಫ್ರಿಕಾದಲ್ಲಿ 10 ಕೋಟಿ ಹೆಕ್ಟೇರ್ ಸರಿಪಡಿಸುವ ಯೋಜನೆ 2015ರಿಂದ ಇದೆ. ಅದರಲ್ಲಿ ಫ್ರಾನ್ಸ್ ದೇಶದಷ್ಟು ದೊಡ್ಡ ಜಾಗ ನಿಜವಾಗಿ ಕಾಡಲ್ಲದ ಬಯಲು, ಅಲ್ಲಿ ಮರ ನೆಟ್ಟರೆ ಅಪಾಯ ಅಂತ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲೇ ಬಂತು. ಇನ್ನೊಂದು ವಿಷಯ. ಬಾನ್ ಚಾಲೆಂಜಿಗೆ ದೇಶಗಳು ಕೊಟ್ಟ ಮಾತುಗಳನ್ನು 2019ರಲ್ಲಿ ಬಿಡಿಸಿ ನೋಡಿದಾಗ ಶೇ 45ರಷ್ಟು ಜಾಗ ಒಂದೇ ಜಾತಿಯ ವಾಣಿಜ್ಯ ನೆಡುತೋಪಿಗೆ ಹೋಗುವಂಥದ್ದು ಅಂತ ಕಂಡಿತು. ಕಡಿದು ಮಾರುವ ತೋಪನ್ನು ಕಾಡು ಅಂತ ಎಣಿಸಿದರೆ ಯಾರಿಗೆ ಲಾಭ?

ಬಯಲಲ್ಲಿ ನೆರಳು ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರೆಜಿಲ್‌ನ ಸಾಂತಾ ಬಾರ್ಬರಾ ಎಂಬ ರಕ್ಷಿತ ಜಾಗದ ಉದಾಹರಣೆ ಇದೆ. ಸುಮಾರು 30 ವರ್ಷ ಬೆಂಕಿಯನ್ನು ಪೂರ್ತಿ ತಡೆದರು. ಮರ ಒತ್ತಾಯಿತು, ಇಂಗಾಲವೂ ಹೆಚ್ಚಾಯಿತು. ಆದರೆ ಮರ ಮುಚ್ಚಿಕೊಂಡ ಕಡೆ ಗಿಡಗಳ ಜಾತಿ ಶೇ 27, ಇರುವೆಗಳ ಜಾತಿ ಶೇ 35 ಕಡಿಮೆಯಾದವು. ಬೆಂಕಿ ತಡೆದದ್ದಕ್ಕೇ ಹೀಗಾದರೆ, ಕೈಯಾರೆ ಮರ ತುಂಬಿಸಿದರೆ ಏನಾದೀತು? ಅಂದಹಾಗೆ, ಸವನ್ನಾದ ಇಂಗಾಲ ಬಹುಪಾಲು ಇರುವುದು ಬೇರಿನಲ್ಲಿ, ಮಣ್ಣಿನಲ್ಲಿ. ಅಲ್ಲಿಗೆ ಬೆಂಕಿ ತಲುಪುವುದಿಲ್ಲ.

ಸವನ್ನಾವನ್ನು ಸರಿಪಡಿಸುವುದೇ ಬೇಡ ಅಂತಲ್ಲ. ಬ್ರೆಜಿಲ್‌ನ ಸೆರಾಡೊ ಎಂಬ ಸವನ್ನಾ ಸುಮಾರು 20 ಲಕ್ಷ ಚದರ ಕಿಲೋಮೀಟರ್ ಇತ್ತು, ಹೆಚ್ಚುಕಡಿಮೆ ಅರ್ಧ ಸೋಯಾ ಹೊಲ, ದನದ ಮೇವಿನ ಬಯಲಾಗಿದೆ. ಶಪಾದಾ ದೋಸ್ ವೆಯಾದೇರೊಸ್ ರಾಷ್ಟ್ರೀಯ ಉದ್ಯಾನದಲ್ಲಿ ಅಂಥ ಕಡೆ ಮೊದಲು ಆಫ್ರಿಕಾದಿಂದ ತಂದ ಮೇವಿನ ಹುಲ್ಲನ್ನು ಸುಟ್ಟು, ಮತ್ತೆ ಮತ್ತೆ ಉತ್ತು ಸೋಲಿಸುತ್ತಾರೆ. ನಂತರ ಅಲ್ಲಿನದೇ ಹುಲ್ಲು, ಪೊದೆ, ಮರ ಮೂರರ ಬೀಜವನ್ನೂ ಬೆರೆಸಿ ಬಿತ್ತುತ್ತಾರೆ. ಬಿತ್ತುವುದರಲ್ಲಿ ಹುಲ್ಲಿಗೂ ಮರದಷ್ಟೇ ಮರ್ಯಾದೆ. ಇಷ್ಟು ಮಾಡಿದರೂ ಹಳೆಯ ಬಯಲಿನ ಎಲ್ಲ ಸಸ್ಯಗಳೂ ಬರುವುದಿಲ್ಲ. ನೆಲದೊಳಗೆ ಗೆಡ್ಡೆ, ಗಂಟು ಬೇರು ಇಟ್ಟುಕೊಂಡು ಬದುಕುವ ಜಾತಿಗಳು ಒಮ್ಮೆ ನೇಗಿಲಿಗೆ ಸಿಕ್ಕಿ ಹೋದರೆ ಮರಳಲು ನೂರಾರು ವರ್ಷ ಹಿಡಿಯಬಹುದು. ನಿಮ್ಮ ಬಯಲು ಇನ್ನೂ ಉತ್ತದ್ದಲ್ಲ ಅಂದರೆ ನಿಮ್ಮ ಕೈಯಲ್ಲಿ ಬಹಳ ದೊಡ್ಡ ಆಸ್ತಿ ಇದೆ. ಗುಂಡಿ ತೋಡಿಯೇ ಅದನ್ನು ಹಾಳುಮಾಡಬಹುದು.


ಹೊಸಚಿಗುರು:

ಇಬ್ಬರಿಗೂ ತುಂಬಾ ಧನ್ಯವಾದ. ಬಯಲಿನ ವಿಷಯ ನಮ್ಮ ಗುಂಪಿನಲ್ಲಿ ಓದಿ ಹೇಳಿದೆ. ಅರ್ಧ ಜನ ಒಪ್ಪಿದರು, ಅರ್ಧ ಜನಕ್ಕೆ ಅನುಮಾನ. ಹಳೆಯ ಸವನ್ನಾ ಯಾವುದು, ಕಾಡು ಹಾಳಾಗಿ ಹುಲ್ಲಾದದ್ದು ಯಾವುದು ಅಂತ ನೆಲ ನೋಡಿ ಹೇಗೆ ಹೇಳುವುದು? ಬೆಂಕಿ ಬಿದ್ದರೆ ಸುಮ್ನೆ ಬಿಡಬೇಕಾ? ಮತ್ತೆ ಆ ಪುಕ್ಕಟೆ ಸಸಿ, ಲಾಂಟಾನ ಬಗ್ಗೆಯೂ ಹೇಳಿ.


ಬಯಲುಹುಲ್ಲು:

ಮಳೆ ಬಿದ್ದು ಒಂದೆರಡು ತಿಂಗಳಾದ ಮೇಲೆ ಮಂಡಿಯೂರಿ ನೋಡಿ. ಹಾಳಾದ ಕಾಡಿನ ಜಾಗದಲ್ಲಿ ಸಾಮಾನ್ಯವಾಗಿ ಒಂದೆರಡು ಜಾತಿಯ ಹುಲ್ಲೇ ಒತ್ತಾಗಿ ಚಾಪೆಯಂತೆ ಹಬ್ಬಿರುತ್ತದೆ. ಹಳೆಯ ಬಯಲಲ್ಲಿ ಹುಲ್ಲು ಬುಡ್ಡೆ ಬುಡ್ಡೆಯಾಗಿ ಬಿಡಿಬಿಡಿಯಾಗಿರುತ್ತದೆ. ನಡುವೆ ಗೆಡ್ಡೆಯಿಂದ ಬರುವ ಹೂಗಿಡಗಳು, ಅವರೆ ಜಾತಿಯ ಸಣ್ಣ ಬಳ್ಳಿಗಳು, ಮೊಣಕಾಲೆತ್ತರದ ಗಿಡವಾದರೂ ಕೆಳಗೆ ತೊಡೆಯಷ್ಟು ದಪ್ಪ ಬೇರು ಇರುವಂಥವು ಸಿಗುತ್ತವೆ. ಅಲ್ಲಿರುವ ಮರಗಳ ಮರಿಗಳು ಬಿಸಿಲಲ್ಲೇ ಇವೆಯಾ ನೋಡಿ. ನೆರಳು ಬೇಡುವ ಕಾಡು ಮರದ ಹಳೆಯ ಬೊಡ್ಡೆಗಳು ಇವೆಯಾ ನೋಡಿ. ಹಳೆಯ ನಕ್ಷೆ, ಸರ್ವೆ ದಾಖಲೆ ಸಿಕ್ಕರೆ ತೆಗೆಸಿ. ಹಿರಿಯರ ಮಾತನ್ನು ಬರೆದಿಟ್ಟುಕೊಳ್ಳಿ, ಅದೂ ಸಾಕ್ಷಿಯೇ. ಇವೆಲ್ಲ ಒಂದೇ ಕಡೆ ತೋರಿಸಿದರೆ ಅನುಮಾನ ಉಳಿಯುವುದಿಲ್ಲ.

ಬೆಂಕಿಯನ್ನು ನೀವಾಗಿ ಹಚ್ಚಬೇಡಿ. ಅದು ಅನುಮತಿ, ತರಬೇತಿ ಇರುವವರ ಕೆಲಸ. ಸೆರಾಡೊದ ಕೆಲವು ರಕ್ಷಿತ ಪ್ರದೇಶಗಳಲ್ಲಿ 2014ರಿಂದ ಒಣಗಾಲದ ಆರಂಭದಲ್ಲೇ, ಹುಲ್ಲು ಇನ್ನೂ ಅರೆಹಸಿ ಇರುವಾಗ, ತುಂಡು ತುಂಡಾಗಿ ಸುಡುತ್ತಾರೆ. ಹಾಗೆ ಮಾಡಿದರೆ ಬೇಸಿಗೆಯ ಕೊನೆಯ ದೊಡ್ಡ ಬೆಂಕಿ ಹಬ್ಬಲು ದಾರಿ ಇರುವುದಿಲ್ಲ. ಅಲ್ಲಿನ ಮೂಲನಿವಾಸಿಗಳು ಇದನ್ನು ಮೊದಲಿಂದ ಮಾಡುತ್ತಿದ್ದರು. ನಿಮ್ಮಲ್ಲಿ ಇಳಿಜಾರು ಪಕ್ಕದಲ್ಲೇ ಇರುವುದರಿಂದ ಬಯಲು, ಕಾಡು ಸೇರುವ ಗೆರೆಯಲ್ಲಿ ಬೆಂಕಿ ರೇಖೆ ಅಗಲವಾಗಿಯೇ ಇರಲಿ.


ಬೀಜದಬುಟ್ಟಿ:

ಪುಕ್ಕಟೆ ಸಸಿ ಯಾವ ಜಾತಿ ಅಂತ ಮೊದಲು ಕೇಳಿ. ಅಕೇಶಿಯಾ ಮ್ಯಾಂಜಿಯಂನಂಥದ್ದಾದರೆ ಬೇಡವೇ ಬೇಡ. ಅದರ ಬೀಜ ಮಣ್ಣಿನಲ್ಲಿ ಕಾದಿದ್ದು ಬೆಂಕಿ ಬಿದ್ದ ಮೇಲೆ ಒಟ್ಟಿಗೆ ಮೊಳೆಯುತ್ತದೆ. ನಿಮ್ಮ ಬಯಲಿಗೂ ನುಗ್ಗುತ್ತದೆ.

ಹೊರಗಿನ ಮರ ಎಲ್ಲೂ ಉಪಯೋಗಕ್ಕೆ ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನ ಪ್ರದೇಶದಲ್ಲಿ ಸ್ಥಳೀಯ ಮರಗಳ ಸಾಲಿನ ನಡುವೆ ನೀಲಗಿರಿ ನೆಟ್ಟು, ಸುಮಾರು 5 ವರ್ಷಕ್ಕೆ ಕಡಿದು ಮಾರಿದರು. ಸ್ಥಾಪನೆಯ ಖರ್ಚಿನಲ್ಲಿ ಶೇ 44ರಿಂದ 75ರಷ್ಟು ಅದರಿಂದಲೇ ಬಂತು. ಸ್ಥಳೀಯ ಮರಗಳ ಬೆಳವಣಿಗೆ ಸ್ವಲ್ಪ ನಿಧಾನವಾಯಿತು, ಆದರೆ ಹೊಸ ಜಾತಿಗಳು ಬಂದು ಸೇರುವುದಕ್ಕೆ ಅಡ್ಡಿಯಾಗಲಿಲ್ಲ. ಅಲ್ಲಿ ಕಡಿಯುವ ದಿನ ಮೊದಲೇ ಗೊತ್ತಿತ್ತು, ಕೊಳ್ಳುವವರೂ ಇದ್ದರು. ನಿಮಗೆ ಆ ಎರಡೂ ಇಲ್ಲದಿದ್ದರೆ ಬೇಡ ಅನ್ನಿ. ಕೊಡುವವರಿಗೆ ನಿಜವಾಗಿ ಸಹಾಯ ಮಾಡುವ ಮನಸ್ಸಿದ್ದರೆ ಬೆಂಕಿ ಕಾಯುವವರ ಒಂದು ಬೇಸಿಗೆಯ ಕೂಲಿ ಕೊಡಲಿ.

ಲಾಂಟಾನ ಒಂದೇ ಸಲಕ್ಕೆ ಪೂರ್ತಿ ತೆಗೆಯಬೇಡಿ. ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಅದರ ಮೇಲೆ ಕೂರುವ ಹಕ್ಕಿಗಳು ಕಾಡು ಬೀಜವನ್ನೂ ಉದುರಿಸಿರುತ್ತವೆ, ಪೊದೆಯೊಳಗೆ ದನಕ್ಕೆ ಸಿಗದ ಮರದ ಮರಿಗಳು ಇರುತ್ತವೆ. ಮೊದಲು ಅವನ್ನು ಹುಡುಕಿ ಗುರುತು ಹಾಕಿ. ಆಮೇಲೆ ಪೊದೆಯ ಮುಖ್ಯ ಬೇರನ್ನು ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಅಲ್ಲೇ ಒಣಗಲು ಇಡಿ. ಮೇಲೆ ಬರೀ ಸವರಿದರೆ ಇಮ್ಮಡಿ ಬರುತ್ತದೆ. ಕಾಯಿ ಬಿಡುವ ಮುಂಚೆ ಮಾಡಬೇಕು. ಮುಂದಿನ ಮಳೆಗೆ ಬೀಜದಿಂದ ಮತ್ತೆ ಏಳುತ್ತದೆ, ಆಗ ಕೈಯಲ್ಲೇ ಕೀಳಬಹುದು. ತೆರವಾದ ಜಾಗಕ್ಕೆ ಅದೇ ಮಳೆಯಲ್ಲಿ ನಿಮ್ಮ ಸಸಿ ಹೋಗಬೇಕು, ಇಲ್ಲದಿದ್ದರೆ ಹುಲ್ಲೋ ಯುಪಟೋರಿಯಂ ಕಳೆಯೋ ಬಂದು ಕೂರುತ್ತದೆ.

ಈ ವರ್ಷ ನೆಡಲು ಅವಸರ ಬೇಡ. ವೃತ್ತ ಹಾಕಿ ಎಣಿಸಿ, ದನ ಮತ್ತು ಬೆಂಕಿ ತಡೆಯುವ ವ್ಯವಸ್ಥೆ ಮಾಡಿ. ಗುಡ್ಡದಾಚೆಯ ಕಾಡಿನಲ್ಲಿ ಯಾವ ಮರ ಯಾವ ತಿಂಗಳು ಹಣ್ಣು ಬಿಡುತ್ತದೆ ಅಂತ ವರ್ಷಪೂರ್ತಿ ಬರೆದಿಡಿ. ಕೆಲವು ಬೀಜ ವಾರದಲ್ಲಿ ಮೊಳೆಯುತ್ತವೆ, ಕೆಲವಕ್ಕೆ ತಿಂಗಳುಗಟ್ಟಲೆ ಬೇಕು. ಎಲ್ಲ ಸಸಿಯೂ ಒಂದೇ ಮಳೆಗೆ ತಯಾರಾಗಬೇಕಾದರೆ ಯಾವುದನ್ನು ಯಾವಾಗ ಮಡಿಗೆ ಹಾಕಬೇಕು ಅನ್ನುವುದು ಆ ಪಟ್ಟಿಯಿಂದಲೇ ಗೊತ್ತಾಗುವುದು. ಹತ್ತು ವೃತ್ತದ ಎಣಿಕೆ ಇಲ್ಲಿ ಹಾಕಿ, ಜೊತೆಗೆ ಎಲೆ, ಹಣ್ಣಿನ ಫೋಟೋ ಇರಲಿ. ಯಾವ ಜಾತಿ ಮೊದಲು ಬಿತ್ತಬಹುದು ಅಂತ ಒಟ್ಟಿಗೆ ನೋಡೋಣ.